ಶಿವಾಜಿ ಗಣೇಶನ್ ಅವರ ಅಭಿನಯ ಕಲೆ

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೆ ಸಮೀಪವಾಗಿ ಅಬ್ಬಿಗೆರೆ ಎಂಬ ಊರಿದೆ. ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿನ ಹಳ್ಳಿಯಾಗಿದ್ದ ಇದು ಈಗ ಮಹಾನಗರದೊಳಗೆ ಸೇರಿಹೋಗಿದೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಸ್ಥಾಪನೆಯಾದ ಮೇಲೆ ಜಾಲಹಳ್ಳಿಯ ಸುತ್ತಮುತ್ತ ಹಲವು ಪ್ರಾಂತಗಳ ಜನರು ಬಂದು ನೆಲೆಸಿದರು. ಕನ್ನಡ, ತಮಿಳು, ತೆಲುಗು ಮಾತನಾಡುವ ಮನೆಗಳು ಒಂದೇ ಬೀದಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತವು. ಇಂಥ ಬೀದಿಗಳಲ್ಲಿ ಬೆಳೆಯುವ ಮಕ್ಕಳಿಗೆ ನೆರೆಮನೆಯ ಭಾಷೆಯ ಚಲನಚಿತ್ರವನ್ನು ನೋಡುವುದು ಹೊಸ ಸಂಗತಿಯೇನಲ್ಲ. ತಮಿಳಿನ ಒಂದು ವಾಕ್ಯವನ್ನೂ ಸರಿಯಾಗಿ ಅರಿಯದ ಹುಡುಗನು ದೂರದರ್ಶನದ ಮುಂದೆ ಕುಳಿತು, ತೆರೆಯ ಮೇಲಿನ ಅಣ್ಣನು ತಂಗಿಗಾಗಿ ಮರುಗುವುದನ್ನು ಕಂಡು ತಾನೂ ಕಣ್ಣೊರೆಸಿಕೊಳ್ಳುತ್ತಾನೆ. ಮಾತು ತಿಳಿಯಲಿಲ್ಲ, ಆದರೂ ಏನೋ ತಿಳಿಯಿತು. ಹಾಗೆ ತಿಳಿದದ್ದು ಯಾವುದು? ಅದನ್ನು ನಟನು ಯಾವ ಉಪಾಯದಿಂದ ತಿಳಿಸಿದನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ತಮಿಳು ಚಿತ್ರರಂಗದ ಮಹಾನಟರಾದ ಶಿವಾಜಿ ಗಣೇಶನ್ ಅವರಿಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ. ಅವರ ಕಲೆ ಬೆಳೆದ ದಾರಿಯಲ್ಲಿ ಕನ್ನಡಿಗರ ಪಾತ್ರವೂ ಚಿಕ್ಕದಲ್ಲವಾದುದರಿಂದ, ಈ ವಿಷಯವು ನಮಗೆ ಹೊರಗಿನದೂ ಅಲ್ಲ.

ಗಣೇಶನ್ ಅವರು 1928ರ ಅಕ್ಟೋಬರ್ 1ರಂದು ಜನಿಸಿದರು. ಬಾಲ್ಯದಲ್ಲಿ ಕಟ್ಟಬೊಮ್ಮನ ಕಥೆಯ ನಾಟಕವೊಂದನ್ನು ಕಂಡು ತಮಗೆ ನಟನಾಗುವ ಹಂಬಲ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಶಾಲೆಯನ್ನು ಬಿಟ್ಟು ಬಾಲಕರ ನಾಟಕ ಕಂಪನಿಯೊಂದನ್ನು ಸೇರಿದಾಗ ಅವರಿನ್ನೂ ಎಳೆಯ ಹುಡುಗ. ಆ ಕಾಲದ ಇಂಥ ಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರು. ಗಣೇಶನ್ ಅವರೂ ಸೀತೆಯಾಗಿ ರಂಗವನ್ನೇರಿದರು. ಹಾಡು, ಕುಣಿತ, ಮಾತು, ನಡಿಗೆ ಇವೆಲ್ಲವನ್ನೂ ಕಂಪನಿಯ ಹಿರಿಯರು ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು. ಮುಂದೆ ಸಿ.ಎನ್. ಅಣ್ಣಾದುರೈ ಅವರು ಬರೆದ ನಾಟಕವೊಂದರಲ್ಲಿ ಛತ್ರಪತಿ ಶಿವಾಜಿಯ ಪಾತ್ರವನ್ನು ವಹಿಸಿದಾಗ, ಅದನ್ನು ನೋಡಿ ಮೆಚ್ಚಿದ ಪೆರಿಯಾರ್ ಇ.ವಿ. ರಾಮಸ್ವಾಮಿಯವರು ಈ ತರುಣನನ್ನು 'ಶಿವಾಜಿ' ಎಂದು ಕರೆದರು. ಪಾತ್ರದ ಹೆಸರೇ ನಟನ ಹೆಸರಾಯಿತು.

ನಾಟಕ ಕಂಪನಿಯ ಈ ಹಿನ್ನೆಲೆಯನ್ನು ಮರೆತರೆ ಶಿವಾಜಿಯವರ ಅಭಿನಯವು ನಮಗೆ ಅರ್ಥವಾಗದು. ಧ್ವನಿವರ್ಧಕಗಳಿಲ್ಲದ, ಅಥವಾ ಇದ್ದರೂ ನಂಬುವಂತಿಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತಿರುವ ಪ್ರೇಕ್ಷಕನಿಗೂ ಮಾತು ಕೇಳಿಸಬೇಕಿತ್ತು, ಭಾವ ಕಾಣಿಸಬೇಕಿತ್ತು. ಆದುದರಿಂದ ಹುಬ್ಬು ಸ್ವಲ್ಪ ಹೆಚ್ಚಾಗಿಯೇ ಮೇಲೇರಬೇಕು. ಕೈ ದೊಡ್ಡದಾಗಿಯೇ ಬೀಸಬೇಕು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಗಂಟಲಿನಿಂದಲ್ಲದೆ ಹೊಟ್ಟೆಯಾಳದಿಂದ ಹೊರಡಬೇಕು. ನಮ್ಮ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ಕನ್ನಡ ನಟರಿಗೂ ಇದೇ ಶಿಕ್ಷಣ ದೊರೆಯುತ್ತಿತ್ತು. ಚಲನಚಿತ್ರದ ಕ್ಯಾಮೆರಾ ಮಾತ್ರ ಇದಕ್ಕೆ ವಿರುದ್ಧವಾದ ಸ್ವಭಾವದ್ದು. ಅದು ನಟನ ಮುಖಕ್ಕೆ ಒಂದು ಮೊಳದಷ್ಟು ಹತ್ತಿರ ಬಂದು, ರೆಪ್ಪೆಯ ಅಲುಗಾಟವನ್ನು ಆಳೆತ್ತರಕ್ಕೆ ಹಿಗ್ಗಿಸಿ ತೋರಿಸುತ್ತದೆ. ರಂಗದ ಮೇಲೆ ಸಾಲದೆನಿಸುವ ಭಾವವು ತೆರೆಯ ಮೇಲೆ ಅತಿಯಾಗಿಬಿಡಬಹುದು. ರಂಗಭೂಮಿಯಿಂದ ಬಂದ ಪ್ರತಿಯೊಬ್ಬ ನಟನೂ ಈ ಎರಡರ ನಡುವೆ ತನ್ನದೊಂದು ಅಳತೆಯನ್ನು ಕಂಡುಕೊಳ್ಳಬೇಕಾಗುತ್ತದೆ.

ಭರತಮುನಿಯ ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಅಂಗಾಂಗಗಳ ಚಲನೆಯಿಂದ ತೋರುವುದು ಆಂಗಿಕ. ಮಾತಿನಿಂದ ತೋರುವುದು ವಾಚಿಕ. ವೇಷಭೂಷಣಗಳಿಂದ ತೋರುವುದು ಆಹಾರ್ಯ. ಮನಸ್ಸು ಪಾತ್ರದಲ್ಲಿ ತನ್ಮಯವಾದಾಗ ದೇಹದಲ್ಲಿ ತಾನಾಗಿ ಮೂಡುವುದು ಸಾತ್ತ್ವಿಕ. ಸ್ತಬ್ಧನಾಗುವುದು, ಬೆವರುವುದು, ರೋಮಾಂಚನಗೊಳ್ಳುವುದು, ದನಿ ಬದಲಾಗುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು ತುಂಬುವುದು, ಮೈಮರೆಯುವುದು ಇವೇ ಎಂಟು ಸಾತ್ತ್ವಿಕ ಭಾವಗಳು. ಮೊದಲ ಮೂರನ್ನು ಅಭ್ಯಾಸದಿಂದ ಸಾಧಿಸಬಹುದು. ನಾಲ್ಕನೆಯದು ಸುಲಭವಾಗಿ ಒಲಿಯುವುದಿಲ್ಲ. ತಮಿಳು ಅರಿಯದ ನಮ್ಮ ಹುಡುಗನಿಗೆ ವಾಚಿಕದ ಅರ್ಧಭಾಗವು, ಎಂದರೆ ಮಾತಿನ ಅರ್ಥವು, ದೊರೆಯಲಿಲ್ಲ. ದನಿಯ ಏರಿಳಿತ, ಆಂಗಿಕ, ಸಾತ್ತ್ವಿಕ ಇವು ದೊರೆತವು. ಶಿವಾಜಿಯವರ ವಿಷಯದಲ್ಲಿ ಅಷ್ಟೇ ಸಾಕಾಗುತ್ತದೆಂಬುದು ಅವರ ಹಿರಿಮೆಯ ಒಂದು ಅಳತೆಗೋಲು.

ಅವರು ಚಿತ್ರರಂಗವನ್ನು ಪ್ರವೇಶಿಸಿದ್ದು 1952ರಲ್ಲಿ, ಕೃಷ್ಣನ್–ಪಂಜು ಜೋಡಿಯು ನಿರ್ದೇಶಿಸಿದ 'ಪರಾಶಕ್ತಿ'ಯ ಮೂಲಕ. ರಂಗದಿಂದ ಬಂದ ಈ ಹೊಸ ತರುಣನು ನಾಯಕನ ಪಾತ್ರಕ್ಕೆ ತಕ್ಕವನೇ ಎಂಬ ಸಂಶಯವು ಚಿತ್ರೀಕರಣದ ವೇಳೆಯಲ್ಲಿಯೇ ಎದ್ದಿತ್ತು. ನಿರ್ಮಾಪಕರಲ್ಲೊಬ್ಬರಾದ ಪಿ.ಎ. ಪೆರುಮಾಳ್ ಅವರು ಬಿಗಿಯಾಗಿ ನಿಂತುದರಿಂದ ಪಾತ್ರವು ಅವರಲ್ಲಿಯೇ ಉಳಿಯಿತು. ಎಂ. ಕರುಣಾನಿಧಿಯವರು ಬರೆದ ನ್ಯಾಯಾಲಯದ ದೃಶ್ಯದ ಸಂಭಾಷಣೆಯನ್ನು ಜನರು ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಆ ದೃಶ್ಯದ ಕೀರ್ತಿ ದೊಡ್ಡದು. ಆದರೆ ಅಭಿನಯವನ್ನು ಅಭ್ಯಾಸ ಮಾಡುವವರು ಅದಕ್ಕಿಂತ ಹಿಂದಿನ ದೃಶ್ಯಗಳನ್ನು ಗಮನಿಸಬೇಕೆಂದು ನನ್ನ ಅಭಿಪ್ರಾಯ. ಬರ್ಮಾದಿಂದ ಬಂದು ಮದರಾಸಿನಲ್ಲಿ ಎಲ್ಲವನ್ನೂ ಕಳೆದುಕೊಂಡ ನಾಯಕನು ಹುಚ್ಚನಂತೆ ನಟಿಸುತ್ತ ಬೀದಿಯಲ್ಲಿ ಅಲೆಯುತ್ತಾನೆ. ಬಡತನದಲ್ಲಿ ಬೆಂದಿರುವ ತಂಗಿಯನ್ನು ಕಾಣುತ್ತಾನೆ. ತಾನೇ ಅವಳ ಅಣ್ಣನೆಂದು ಹೇಳಿಕೊಳ್ಳಲಾರದೆ ಸುತ್ತಮುತ್ತ ಸುಳಿದಾಡುತ್ತಾನೆ. ಇಲ್ಲಿ ನಟನಿಗಿರುವ ಕೆಲಸವು ಇಮ್ಮಡಿಯಾದುದು. ತಂಗಿಯ ಕಣ್ಣಿಗೆ ಅವನು ಹುಚ್ಚನಾಗಿ ಕಾಣಬೇಕು, ನಮ್ಮ ಕಣ್ಣಿಗೆ ಅಣ್ಣನಾಗಿ ಕಾಣಬೇಕು. ಬಾಯಿ ನಗುತ್ತಿರುವಾಗ ಕಣ್ಣು ಅಳಬೇಕು. ಮೊದಲನೆಯ ಚಿತ್ರದಲ್ಲಿಯೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಶಿವಾಜಿಯವರು ಇದನ್ನು ಸಾಧಿಸಿದರು.

ಈ ಚಿತ್ರದ ನಾಯಕಿ ಕನ್ನಡದ ಪಂಡರೀಬಾಯಿಯವರು. ಎರಡು ವರ್ಷಗಳ ತರುವಾಯ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರು ಮೊದಲ ಬಾರಿಗೆ ನಾಯಕರಾದಾಗಲೂ ನಾಯಕಿ ಇವರೇ. ದಕ್ಷಿಣದ ಇಬ್ಬರು ಮಹಾನಟರ ಮೊದಲ ಹೆಜ್ಜೆಗೆ ಒಬ್ಬ ಕನ್ನಡತಿಯೇ ಜೊತೆಯಾದದ್ದು ಸ್ವಾರಸ್ಯಕರವಾದ ಸಂಗತಿ. ಅದೇ 1954ರಲ್ಲಿ ವೀಣಾ ವಿದ್ವಾಂಸರೂ ಆಗಿದ್ದ ಎಸ್. ಬಾಲಚಂದರ್ ಅವರು 'ಅಂದ ನಾಳ್' ಎಂಬ ಚಿತ್ರವನ್ನು ನಿರ್ದೇಶಿಸಿದರು. ಹಾಡುಗಳೇ ಇಲ್ಲದ ಆ ಚಿತ್ರದ ಮೊದಲಿನಲ್ಲಿಯೇ ಗುಂಡಿನ ಸದ್ದು ಕೇಳಿಸಿ ಶಿವಾಜಿಯವರ ಪಾತ್ರವು ಸತ್ತು ಬೀಳುತ್ತದೆ. ಆಮೇಲೆ ಒಬ್ಬೊಬ್ಬರು ಆ ಮೃತನ ವಿಷಯವಾಗಿ ತಮಗೆ ತಿಳಿದುದನ್ನು ಹೇಳುತ್ತ ಹೋಗುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಅವನು ಒಂದೊಂದು ಬಗೆಯ ಮನುಷ್ಯ. ಕೊನೆಗೆ ದೇಶದ್ರೋಹಿಯೆಂದು ತಿಳಿಯುವ ಈ ವ್ಯಕ್ತಿಯನ್ನು ಜನಪ್ರಿಯತೆಯ ಹೊಸ್ತಿಲಲ್ಲಿದ್ದ ತರುಣ ನಟನೊಬ್ಬನು ಒಪ್ಪಿಕೊಂಡು ಅಭಿನಯಿಸಿದ್ದೇ ಒಂದು ಧೈರ್ಯ. ಇಲ್ಲಿಯೂ ಅವನ ಪತ್ನಿಯ ಪಾತ್ರದಲ್ಲಿ ಪಂಡರೀಬಾಯಿಯವರಿದ್ದಾರೆ.

ಇನ್ನು ಬಿ.ಆರ್. ಪಂತುಲು ಅವರ ವಿಷಯಕ್ಕೆ ಬರೋಣ. ಕೋಲಾರದ ಸೀಮೆಯಿಂದ ಬಂದ ಪಂತುಲು ಅವರು ಕನ್ನಡ ರಂಗಭೂಮಿಯಲ್ಲಿ ಪಳಗಿ, 1936ರ 'ಸಂಸಾರ ನೌಕೆ'ಯಲ್ಲಿ ಎಂ.ವಿ. ರಾಜಮ್ಮನವರೊಡನೆ ನಟಿಸಿ, ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಕನ್ನಡ ಮತ್ತು ತಮಿಳು ಎರಡು ಭಾಷೆಗಳಲ್ಲಿಯೂ ಚಿತ್ರಗಳನ್ನು ನಿರ್ಮಿಸಿ ನಿರ್ದೇಶಿಸಿದರು. 1958ರ ಕನ್ನಡ ಚಿತ್ರ 'ಸ್ಕೂಲ್ ಮಾಸ್ಟರ್'ನಲ್ಲಿ ಪಂತುಲು ಅವರೇ ಉಪಾಧ್ಯಾಯರ ಪಾತ್ರವನ್ನು ವಹಿಸಿದರು. ಒಂದು ಕಾಲದ ಶಿಷ್ಯನಾಗಿದ್ದು ಈಗ ಪೊಲೀಸ್ ಅಧಿಕಾರಿಯಾಗಿರುವವನ ಕಿರುಪಾತ್ರದಲ್ಲಿ ಶಿವಾಜಿ ಗಣೇಶನ್ ಅವರು ಕಾಣಿಸಿಕೊಂಡರು. ಸಂಕಷ್ಟದಲ್ಲಿರುವ ವೃದ್ಧ ಗುರುವಿನ ಎದುರಿಗೆ ಅಧಿಕಾರದ ಉಡುಪಿನಲ್ಲಿರುವ ಶಿಷ್ಯನು ನಿಂತಾಗ, ಉಡುಪಿಗೆ ತಕ್ಕ ಬಿಗುವು ಮತ್ತು ಶಿಷ್ಯನಿಗೆ ತಕ್ಕ ವಿನಯ ಇವೆರಡೂ ಒಂದೇ ಮೈಯಲ್ಲಿ ಇರಬೇಕಾಗುತ್ತದೆ. ಪಾತ್ರವು ಚಿಕ್ಕದಾದರೂ ಅದರ ಕೆಲಸವು ಚಿಕ್ಕದಲ್ಲ.

ಮರುವರ್ಷ, 1959ರಲ್ಲಿ, ಪಂತುಲು ಅವರು ಶಿವಾಜಿಯವರನ್ನು ನಾಯಕನನ್ನಾಗಿ ಮಾಡಿಕೊಂಡು 'ವೀರಪಾಂಡ್ಯ ಕಟ್ಟಬೊಮ್ಮನ್' ಚಿತ್ರವನ್ನು ನಿರ್ದೇಶಿಸಿದರು. ಕಟ್ಟಬೊಮ್ಮನು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕೊಡಲೊಲ್ಲದೆ ಹೋರಾಡಿ, 1799ರಲ್ಲಿ ಗಲ್ಲಿಗೇರಿದ ಪಾಳೆಯಗಾರ. ನಮ್ಮ ಕಿತ್ತೂರಿನ ಚೆನ್ನಮ್ಮರಾಣಿಯ ಹೋರಾಟಕ್ಕಿಂತ ಇಪ್ಪತ್ತೈದು ವರ್ಷ ಹಿಂದಿನ ಮಾತಿದು. (ಚೆನ್ನಮ್ಮನ ಕಥೆಯನ್ನೂ ಪಂತುಲು ಅವರು 1961ರಲ್ಲಿ ಕನ್ನಡದಲ್ಲಿ ಚಿತ್ರವಾಗಿಸಿದರು.) ಶಿವಾಜಿಯವರಿಗೆ ಈ ಪಾತ್ರವು ಹೊಸದಾಗಿರಲಿಲ್ಲ. ಬಾಲ್ಯದಲ್ಲಿ ತಮ್ಮನ್ನು ಸೆಳೆದ ಇದೇ ಕಥೆಯನ್ನು ಅವರು ಚಿತ್ರಕ್ಕೆ ಮೊದಲೇ ತಮ್ಮ ನಾಟಕ ಮಂಡಳಿಯಿಂದ ರಂಗದ ಮೇಲೆ ಆಡಿದ್ದರು.

ಕಂಪನಿಯ ಅಧಿಕಾರಿ ಜಾಕ್ಸನ್ನನೊಡನೆ ಕಟ್ಟಬೊಮ್ಮನು ನಡೆಸುವ ವಾಗ್ವಾದವು ಆ ಚಿತ್ರದ ಪ್ರಾಣ. ಅದನ್ನು ಕೇವಲ ಗರ್ಜನೆಯೆಂದು ಭಾವಿಸುವವರುಂಟು. ಹಾಗಲ್ಲ. ಮೊದಲಲ್ಲಿ ದನಿಯು ತಗ್ಗಿನಲ್ಲಿಯೇ ಇರುತ್ತದೆ. ತುಟಿಯ ಅಂಚಿನಲ್ಲಿ ಒಂದು ನಗೆ, ಮರ್ಯಾದೆಯ ಮಾತಿನೊಳಗೆ ಅಡಗಿಸಿಟ್ಟ ವ್ಯಂಗ್ಯ. ಅನಂತರ ಕಪ್ಪದ ಮಾತು ಬರುತ್ತದೆ. ಈ ನೆಲದಲ್ಲಿ ಉಳದೆ ಬಿತ್ತದೆ ಬಂದವನಿಗೆ ಕಂದಾಯವನ್ನು ಕೇಳುವ ಹಕ್ಕೆಲ್ಲಿಯದು ಎಂಬ ವಾದವನ್ನು ಅವರು ಒಂದರ ಮೇಲೊಂದು ಪ್ರಶ್ನೆಯಾಗಿ ಪೇರಿಸುತ್ತಾರೆ. ಪ್ರತಿ ಪ್ರಶ್ನೆಗೂ ದನಿಯು ಒಂದೊಂದು ಮೆಟ್ಟಿಲು ಮೇಲೇರುತ್ತದೆ; ಉಸಿರು ಗಿಡ್ಡವಾಗುತ್ತದೆ; ಕಣ್ಣು ದೊಡ್ಡದಾಗುತ್ತದೆ. ತುತ್ತತುದಿಗೆ ತಲುಪುವ ವೇಳೆಗೆ ಪ್ರೇಕ್ಷಕನು ಆಸನದ ಅಂಚಿಗೆ ಬಂದಿರುತ್ತಾನೆ. ಮೊದಲಿನಿಂದಲೇ ಕೂಗಿದ್ದರೆ ಏರಲು ಮೆಟ್ಟಿಲೇ ಇರುತ್ತಿರಲಿಲ್ಲ. ಸಂಗೀತಗಾರನು ಮಂದ್ರದಲ್ಲಿ ಆರಂಭಿಸಿ ತಾರಸ್ಥಾಯಿಗೆ ಏರುವಾಗ ಮಾಡುವ ಲೆಕ್ಕಾಚಾರವೇ ಇಲ್ಲಿಯದು. 1960ರಲ್ಲಿ ಕೈರೋ ನಗರದಲ್ಲಿ ನಡೆದ ಆಫ್ರೋ–ಏಷ್ಯನ್ ಚಲನಚಿತ್ರೋತ್ಸವದಲ್ಲಿ ಈ ಪಾತ್ರಕ್ಕಾಗಿ ಶಿವಾಜಿಯವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ತಮಿಳು ಕಿವಿಗೆ ಬೀಳದ ಆ ನಾಡಿನಲ್ಲಿ ತೀರ್ಪುಗಾರರಿಗೆ ತಲುಪಿದ್ದು ಅಬ್ಬಿಗೆರೆಯ ಬಾಲಕನಿಗೆ ತಲುಪಿದ್ದೇ ಅಲ್ಲವೆ?

ಪಂತುಲು ಅವರು 1964ರಲ್ಲಿ ನಿರ್ದೇಶಿಸಿದ 'ಕರ್ಣನ್' ಕನ್ನಡಿಗರಿಗೆ ಇನ್ನೂ ಹತ್ತಿರವಾದುದು. ಕರ್ಣನ ಮೇಲೆ ನಮ್ಮ ಕವಿಗಳಿಗಿರುವ ಮರುಕ ಬಲು ಹಳೆಯದು; ಅರ್ಜುನನನ್ನು ನಾಯಕನನ್ನಾಗಿ ಇರಿಸಿಕೊಂಡ ಆದಿಕವಿ ಪಂಪನೇ ಕರ್ಣನ ತ್ಯಾಗಕ್ಕೆ ಮನಸೋತಿದ್ದಾನೆ. ಆ ಕರ್ಣನನ್ನು ಬೆಳ್ಳಿತೆರೆಯ ಮೇಲೆ ಕಾಣಬೇಕೆಂದರೆ ಶಿವಾಜಿಯವರನ್ನು ನೋಡಬೇಕು. ಕುಂತಿಯಾಗಿ ಎಂ.ವಿ. ರಾಜಮ್ಮನವರು, ಕೃಷ್ಣನಾಗಿ ಎನ್.ಟಿ. ರಾಮರಾವ್ ಅವರು ಇದರಲ್ಲಿ ನಟಿಸಿದ್ದಾರೆ. ಯುದ್ಧಕ್ಕೆ ಮೊದಲು ಕುಂತಿಯು ಬಂದು ತಾನೇ ತಾಯಿಯೆಂದು ತಿಳಿಸುವ ಪ್ರಸಂಗವನ್ನು ನೆನೆಯಿರಿ. ತಾಯಿ ದೊರೆತಳೆಂಬ ಹಿಗ್ಗು, ತೊಟ್ಟಿಲಲ್ಲಿರಬೇಕಾದವನನ್ನು ಹೊಳೆಗೆ ಬಿಟ್ಟಳೆಂಬ ರೋಷ, ಇಷ್ಟು ಕಾಲ ಬಾರದವಳು ಈಗ ಏಕೆ ಬಂದಳೆಂಬ ಅರಿವು, ಅನ್ನವಿಕ್ಕಿದ ದುರ್ಯೋಧನನ ಋಣ ಇವೆಲ್ಲವೂ ಒಂದೇ ಮುಖದಲ್ಲಿ ಒಂದನ್ನೊಂದು ತಳ್ಳುತ್ತ ಬರಬೇಕು. ಇಂಥ ಎಡೆಯಲ್ಲಿ ಸಾಮಾನ್ಯ ನಟನು ಒಂದು ಭಾವವನ್ನು ಅಳಿಸಿ ಇನ್ನೊಂದನ್ನು ತಂದುಕೊಳ್ಳುತ್ತಾನೆ. ಶಿವಾಜಿಯವರಲ್ಲಿ ಹಿಂದಿನ ಭಾವವು ಪೂರ್ತಿಯಾಗಿ ಅಳಿಯುವುದಿಲ್ಲ. ರೋಷದ ಮಾತಿನ ನಡುವೆಯೂ ಹಿಗ್ಗು ಕಣ್ಣಂಚಿನಲ್ಲಿ ಉಳಿದಿರುತ್ತದೆ.

ಕೊನೆಯ ಪ್ರಸಂಗವು ಇದಕ್ಕಿಂತ ಬೇರೆ ಬಗೆಯದು. ಬಾಣಗಳು ನಾಟಿ, ರಥದ ಪಕ್ಕದಲ್ಲಿ ಒರಗಿರುವ ಕರ್ಣನಿಗೆ ಅಲುಗಾಡಲೂ ಆಗದು. ಹಿನ್ನೆಲೆಯಲ್ಲಿ ಹಾಡು ಸಾಗುತ್ತದೆ, ಅವನಿಗೆ ಮಾತಿಲ್ಲ. ಕೈಕಾಲುಗಳನ್ನು ಕಟ್ಟಿಹಾಕಿದಂತೆ, ಆಂಗಿಕ ವಾಚಿಕಗಳೆರಡನ್ನೂ ಕಸಿದುಕೊಂಡ ಮೇಲೆ ನಟನಿಗೆ ಉಳಿಯುವುದು ಮುಖವೊಂದೇ. ಕಟ್ಟಬೊಮ್ಮನ ಮಾತಿನ ಹೊಳೆಗೆ ಮಾರುಹೋದವರು ಈ ಮೌನವನ್ನೂ ನೋಡಬೇಕು. 2012ರಲ್ಲಿ ಈ ಚಿತ್ರವನ್ನು ಹೊಸ ತಂತ್ರಜ್ಞಾನದಿಂದ ಸಂಸ್ಕರಿಸಿ ಮತ್ತೆ ಬಿಡುಗಡೆ ಮಾಡಿದಾಗ, ಅದು ಮೊದಲು ತೆರೆಕಂಡಾಗ ಹುಟ್ಟಿಯೇ ಇರದಿದ್ದ ಪ್ರೇಕ್ಷಕರೂ ಚಿತ್ರಮಂದಿರಗಳಿಗೆ ಬಂದರು.

ಶಿವಾಜಿಯವರ ಅಭಿನಯವು ಅತಿಯಾಯಿತೆಂಬ ಆಕ್ಷೇಪಣೆಯನ್ನು ನೀವು ಕೇಳಿರಬಹುದು. ಅದನ್ನು ಬದಿಗೊತ್ತಿ ಮುಂದೆ ಹೋಗುವುದು ನ್ಯಾಯವಲ್ಲ. ಸುಮಾರು ಐದು ದಶಕಗಳ ಕಾಲ, ಮುನ್ನೂರಕ್ಕೆ ಸಮೀಪದಷ್ಟು ಚಿತ್ರಗಳಲ್ಲಿ ನಟಿಸಿದವರ ಎಲ್ಲ ಪಾತ್ರಗಳೂ ಒಂದೇ ಎತ್ತರದಲ್ಲಿರಲಾರವು. ಕಥೆಯು ದುರ್ಬಲವಾಗಿದ್ದು ನಟನ ಮೇಲೆಯೇ ಎಲ್ಲ ಭಾರ ಬಿದ್ದ ಚಿತ್ರಗಳಲ್ಲಿ, ನೆರೆದ ಅಭಿಮಾನಿಗಳ ಚಪ್ಪಾಳೆಗಾಗಿಯೇ ಬರೆದ ದೃಶ್ಯಗಳಲ್ಲಿ, ಕೆನ್ನೆಯ ನಡುಕವೂ ಗದ್ಗದವೂ ಬೇಕಾದುದಕ್ಕಿಂತ ಹೆಚ್ಚಾಗಿ ಕಾಣುವುದುಂಟು. ಆದರೆ 'ಅತಿ' ಎಂಬ ಮಾತನ್ನು ಹೇಳುವ ಮುನ್ನ ಯಾವ ಅಳತೆಯಿಂದ ಅತಿ ಎಂದು ಕೇಳಬೇಕು. ಯಕ್ಷಗಾನದ ರಾಕ್ಷಸ ವೇಷದ ಅಬ್ಬರವನ್ನು ನಾವು ಅತಿಯೆನ್ನುವುದಿಲ್ಲ. ಅದು ಆ ಕಲೆಯ ಧರ್ಮ. ಕಟ್ಟಬೊಮ್ಮನೂ ಕರ್ಣನೂ ನಮ್ಮ ನೆರೆಮನೆಯಲ್ಲಿ ಕಾಫಿ ಕುಡಿಯುತ್ತಿರುವ ವ್ಯಕ್ತಿಗಳಲ್ಲ. ಜನಮನದಲ್ಲಿ ಲಾವಣಿಯ, ಪುರಾಣದ ಗಾತ್ರಕ್ಕೆ ಬೆಳೆದವರು. ಅವರನ್ನು ಅಷ್ಟೇ ಗಾತ್ರದಲ್ಲಿ ತೋರಿಸುವುದು ಔಚಿತ್ಯ. ಅದೇ ಗಾತ್ರವನ್ನು ಸಂಸಾರದ ಕಥೆಯೊಂದರ ಗುಮಾಸ್ತನಿಗೆ ತೊಡಿಸಿದರೆ ದೋಷ. ಆದುದರಿಂದ ನೋಡಬೇಕಾದದ್ದು ಅಭಿನಯವು ದೊಡ್ಡದೋ ಚಿಕ್ಕದೋ ಎಂಬುದನ್ನಲ್ಲ, ಅದು ಪಾತ್ರದ ಅಳತೆಗೆ ಒಪ್ಪುತ್ತದೆಯೇ ಎಂಬುದನ್ನು.

ಮೈಯನ್ನು ಪಾತ್ರಕ್ಕೆ ಒಪ್ಪಿಸುವುದರಲ್ಲಿ ಅವರಿಗಿದ್ದ ಶ್ರದ್ಧೆಗೆ ಎರಡು ನಿದರ್ಶನಗಳನ್ನು ಹೇಳಬಹುದು. 1959ರ 'ಭಾಗ ಪಿರಿವಿನೈ' ಎಂಬ ಚಿತ್ರದಲ್ಲಿ ಒಂದು ಕೈ ಒಂದು ಕಾಲು ಸ್ವಾಧೀನ ತಪ್ಪಿದ ಹಳ್ಳಿಗನ ಪಾತ್ರ ಅವರದು. ಜೊತೆಗೆ ನಟಿಸಿದವರು ಬೆಂಗಳೂರಿನ ಬಿ. ಸರೋಜಾದೇವಿಯವರು. ಸಂತೋಷದಲ್ಲಿ, ಸಿಟ್ಟಿನಲ್ಲಿ, ಓಟದಲ್ಲಿ, ಎಲ್ಲಿಯೂ ಆ ಕೈಕಾಲುಗಳ ಊನವನ್ನು ಅವರು ಮರೆಯುವುದಿಲ್ಲ. ಇನ್ನೊಂದು, 1968ರ 'ತಿಲ್ಲಾನಾ ಮೋಹನಾಂಬಾಳ್'. ಎ.ಪಿ. ನಾಗರಾಜನ್ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಶಿವಾಜಿಯವರು ನಾಗಸ್ವರ ವಿದ್ವಾಂಸ, ಪದ್ಮಿನಿಯವರು ನರ್ತಕಿ. ನಮ್ಮ ಮದುವೆಮನೆಗಳಲ್ಲಿ ಓಲಗದವರನ್ನು ನೀವು ಹತ್ತಿರದಿಂದ ನೋಡಿದ್ದರೆ, ನಾಗಸ್ವರವನ್ನು ಊದುವುದು ಎಷ್ಟು ಪ್ರಯಾಸದ ಕೆಲಸವೆಂಬುದು ತಿಳಿದಿರುತ್ತದೆ. ಕೆನ್ನೆ ಉಬ್ಬಬೇಕು, ಕತ್ತಿನ ನರ ಬಿಗಿಯಬೇಕು, ಉಸಿರನ್ನು ಹಿಡಿಯುವ ಬಿಡುವ ಹೊತ್ತು ಸ್ವರಕ್ಕೆ ಸರಿಯಾಗಿ ಹೊಂದಬೇಕು, ಬೆರಳುಗಳು ರಂಧ್ರಗಳ ಮೇಲೆ ತಪ್ಪದೆ ಆಡಬೇಕು. ನಾವು ಕೇಳುವ ನಾದವು ಮಧುರೆಯ ಸೇತುರಾಮನ್ ಮತ್ತು ಪೊನ್ನುಸ್ವಾಮಿ ಸೋದರರದು. ಆದರೆ ಕಣ್ಣು ಅದನ್ನು ನಂಬಲೊಲ್ಲದು. ಗಾಯಗೊಂಡು ಚೇತರಿಸಿಕೊಂಡ ವಿದ್ವಾಂಸನು ಕುಳಿತು ನುಡಿಸುತ್ತಿರುವಾಗ, ಎದುರಿಗೆ ಕುಣಿಯುತ್ತಿರುವ ನರ್ತಕಿಯು ತುಂಬಿದ ಸಭೆಯ ನಡುವೆ ಕಣ್ಣಿನಿಂದಲೇ ಅವನ ಕ್ಷೇಮವನ್ನು ವಿಚಾರಿಸುವ ದೃಶ್ಯವೊಂದಿದೆ. ಅವನ ಬಾಯಿಯಲ್ಲಿ ವಾದ್ಯವಿದೆ, ಉತ್ತರ ಕೊಡುವಂತಿಲ್ಲ. ಉಬ್ಬಿದ ಕೆನ್ನೆಗಳ ಮೇಲಿನ ಎರಡು ಕಣ್ಣುಗಳೇ ಉತ್ತರ ಕೊಡಬೇಕು. ಇಬ್ಬರು ಸಮಾನ ಕಲಾವಿದರು ಎದುರುಬದುರಾದಾಗ ಏನಾಗುತ್ತದೆಂಬುದನ್ನು ಆ ಕೆಲವು ನಿಮಿಷಗಳು ತೋರಿಸುತ್ತವೆ.

ಒಂಬತ್ತು ರಸಗಳಿಗೆ ಒಂಬತ್ತು ಪಾತ್ರಗಳನ್ನು ಅವರೊಬ್ಬರೇ ಧರಿಸಿದ 'ನವರಾತ್ರಿ' 1964ರಲ್ಲಿ ತೆರೆಕಂಡ ಅವರ ನೂರನೆಯ ಚಿತ್ರ. ಸಾಹಸವೆಂದು ಅದನ್ನು ಮೆಚ್ಚಬೇಕು. ಆದರೆ ರಸಗಳನ್ನು ಹೀಗೆ ಸಾಲಾಗಿ ಜೋಡಿಸಿದಾಗ ನಮ್ಮ ಗಮನವು ಪಾತ್ರಕ್ಕಿಂತ ನಟನ ಕೈಚಳಕದ ಕಡೆಗೆ ಹರಿಯುವುದೂ ನಿಜ.

ಒಬ್ಬ ನಟನ ವೈಶಿಷ್ಟ್ಯವು ಇನ್ನೊಬ್ಬರ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ರಾಜ್‌ಕುಮಾರ್ ಅವರು ಶಿವಾಜಿಯವರಿಗಿಂತ ಏಳು ತಿಂಗಳಷ್ಟೇ ಕಿರಿಯರು. ಅವರೂ ಬಾಲ್ಯದಲ್ಲಿಯೇ ನಾಟಕ ಕಂಪನಿಯ ಅನ್ನವನ್ನುಂಡವರು. ಇವರಿಬ್ಬರ ನಡುವೆ ಪಾತ್ರಗಳ ಕೊಡುಕೊಳೆಯೂ ನಡೆದಿದೆ. 'ಭಾಗ ಪಿರಿವಿನೈ' 1964ರಲ್ಲಿ ಕನ್ನಡದಲ್ಲಿ 'ಮುರಿಯದ ಮನೆ'ಯಾದಾಗ ನಾಯಕನ ಪಾತ್ರವು ರಾಜ್‌ಕುಮಾರ್ ಅವರದಾಯಿತು. 1971ರಲ್ಲಿ ರಾಜ್‌ಕುಮಾರ್ ಅವರು ನಟಿಸಿದ 'ಕಸ್ತೂರಿ ನಿವಾಸ'ವು 1975ರಲ್ಲಿ 'ಅವನ್‌ದಾನ್ ಮನಿದನ್' ಎಂಬ ಹೆಸರಿನಿಂದ ತಮಿಳಿಗೆ ಹೋದಾಗ ಶಿವಾಜಿಯವರು ಆ ಪಾತ್ರವನ್ನು ವಹಿಸಿದರು. ಕೇಳಿದವರಿಗೆ ಇಲ್ಲವೆನ್ನದ ಧನಿಕನು ಸಂಪತ್ತನ್ನೆಲ್ಲ ಕಳೆದುಕೊಂಡು, ಕಟ್ಟಕಡೆಗೆ ಬೇಡಿ ಬಂದವರಿಗೆ ಕೊಡಲು ಏನೂ ಇಲ್ಲದೆ ನಿಲ್ಲುವ ಕಥೆ ಅದು. ರಾಜ್‌ಕುಮಾರ್ ಅವರು ಆ ದುಃಖವನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅದು ನಮಗೆ ಸೋರಿ ತಿಳಿಯುತ್ತದೆ. ಶಿವಾಜಿಯವರು ಅದನ್ನು ಹೊರಗೆ ತಂದು ಆಕಾರ ಕೊಡುತ್ತಾರೆ. ಅದು ನಮ್ಮ ಮೇಲೆ ಎರಗುತ್ತದೆ. ಕನ್ನಡದ ಚಿತ್ರದಲ್ಲಿ ಆ ಪಾತ್ರವು ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯಿತೆಂದು ನನಗೆ ತೋರುತ್ತದೆ. ಕಟ್ಟಬೊಮ್ಮನ ಸಭೆಯಲ್ಲಿ ಶಿವಾಜಿಯವರ ಸ್ಥಾನದಲ್ಲಿ ಬೇರೊಬ್ಬರನ್ನು ಮಾತ್ರ ನಾನು ಊಹಿಸಲಾರೆ. ಭಾರತ ಸರ್ಕಾರದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು 1995ನೆಯ ಸಾಲಿಗೆ ರಾಜ್‌ಕುಮಾರ್ ಅವರಿಗೂ, 1996ನೆಯ ಸಾಲಿಗೆ ಶಿವಾಜಿಯವರಿಗೂ ಸಂದಿತು.

ಹೀಗೆ ಹೊರಹೊಮ್ಮುವ ಅಭಿನಯವೇ ಶಿವಾಜಿಯವರ ಮಾರ್ಗವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದ ಕಾಲದಲ್ಲಿ, 1985ರಲ್ಲಿ, 'ಮುದಲ್ ಮರಿಯಾದೈ' ಬಂದಿತು. ಇಲ್ಲಿ ಒಂದು ಗುರುಪರಂಪರೆಯನ್ನು ಗಮನಿಸಬೇಕು. ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತವರು ನಮ್ಮ ಕಣಗಾಲ್ ಪುಟ್ಟಣ್ಣನವರು. ಪುಟ್ಟಣ್ಣನವರ ಬಳಿ ಸಹಾಯಕರಾಗಿದ್ದು ಕಲಿತವರು ತಮಿಳಿನ ಭಾರತಿರಾಜಾ. ಕಟ್ಟಬೊಮ್ಮನನ್ನು ಗುಡುಗಿಸಿದ ಪಂತುಲು ಅವರ ಶಿಷ್ಯನ ಶಿಷ್ಯರೇ ಇಪ್ಪತ್ತಾರು ವರ್ಷಗಳ ಅನಂತರ ಅದೇ ನಟನನ್ನು ಮೌನಕ್ಕೆ ತಿರುಗಿಸಿದರು. ಚಿತ್ರೀಕರಣವಾದದ್ದು ಬಹುಪಾಲು ನಮ್ಮ ತಲಕಾಡಿನ ಸುತ್ತಮುತ್ತ, ಕಾವೇರಿಯ ದಡದಲ್ಲಿ. ಚಿತ್ರವು ಆ ವರ್ಷದ ಆಗಸ್ಟಿನಲ್ಲಿ ತೆರೆಕಂಡಿತು. ಪುಟ್ಟಣ್ಣನವರು ಅದೇ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದರು.

ಊರಿನ ಹಿರಿಯನೊಬ್ಬನ ಕಥೆಯದು. ಊರಿಗೆಲ್ಲ ದೊಡ್ಡವನಾದ ಅವನಿಗೆ ಮನೆಯಲ್ಲಿ ಒಂದು ಒಳ್ಳೆಯ ಮಾತಿಲ್ಲ. ಹೆಂಡತಿಯ ಬಾಯಿ ಬಲು ಕಹಿ. ಮಾವನ ಮಾನವನ್ನು ಉಳಿಸಲೆಂದು ಎಂದೋ ಮಾಡಿದ ತ್ಯಾಗವನ್ನು ಅವನು ಯಾರಿಗೂ ಹೇಳದೆ ಜೀವಮಾನವೆಲ್ಲ ಹೊತ್ತಿದ್ದಾನೆ. ಹೊಳೆಯ ದಡಕ್ಕೆ ಬಂದು ನೆಲೆಸಿದ ದೋಣಿ ನಡೆಸುವ ಬಡ ಹೆಣ್ಣುಮಗಳೊಬ್ಬಳ ಸ್ನೇಹವು ಅವನಿಗೆ ಮುಪ್ಪ ಮೆಟ್ಟುವ ವಯಸ್ಸಿನಲ್ಲಿ ದೊರೆಯುತ್ತದೆ. ಅವಳ ಪಾತ್ರವನ್ನು ವಹಿಸಿದವರು ರಾಧಾ. ಒಂದು ದೃಶ್ಯದಲ್ಲಿ ಅವನು ಅವಳ ಗುಡಿಸಲಿನಲ್ಲಿ ಕುಳಿತು ಮೀನಿನ ಸಾರಿನ ಊಟವನ್ನು ಮಾಡುತ್ತಾನೆ. ಅಷ್ಟೇ. ಕೂಗಿಲ್ಲ, ಕಣ್ಣೀರಿಲ್ಲ, ಕೆನ್ನೆಯ ನಡುಕವಿಲ್ಲ. ಬಹುಕಾಲದ ಮೇಲೆ ಯಾರೋ ಅಕ್ಕರೆಯಿಂದ ಬಡಿಸಿದ ಅನ್ನವನ್ನು ಉಣ್ಣುತ್ತಿರುವ ಮನುಷ್ಯನ ಬೆರಳುಗಳನ್ನೂ ದವಡೆಯನ್ನೂ ನೋಡಿರಿ. ಅವನು ಮನೆಯಲ್ಲಿ ಎಷ್ಟು ವರ್ಷ ಹೇಗೆ ಉಂಡಿದ್ದಾನೆಂಬುದು ಅದರಿಂದಲೇ ತಿಳಿಯುತ್ತದೆ.

ಇದನ್ನು ಕಂಡು, ಶಿವಾಜಿಯವರು ತಮ್ಮ ಹಳೆಯ ಮಾರ್ಗವನ್ನು ಬಿಟ್ಟರೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮಂದ್ರದಿಂದ ತಾರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಬಲ್ಲವನಿಗಷ್ಟೇ ಮಂದ್ರದಲ್ಲಿಯೇ ಉಳಿಯುವುದೂ ಸಾಧ್ಯ. ಕಟ್ಟಬೊಮ್ಮನಲ್ಲಿ ಮೊದಲ ಕೆಲವು ಕ್ಷಣ ಕಾಣುವ ತಗ್ಗುದನಿ, ಬಾಣ ನಾಟಿದ ಕರ್ಣನ ಮೌನ, ನಾಗಸ್ವರದ ಹಿಂದಿನ ಎರಡು ಕಣ್ಣುಗಳು ಇವೆಲ್ಲವೂ ಈ ಚಿತ್ರದಲ್ಲಿ ಆರಂಭದಿಂದ ಕೊನೆಯವರೆಗೆ ಹರಡಿಕೊಂಡಿವೆ.

ಅವಕಾಶ ದೊರೆತರೆ ಈ ಚಿತ್ರದ ಇನ್ನೊಂದು ಪ್ರಸಂಗವನ್ನು ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿ ನೋಡಿರಿ. ಊರಿನ ತರುಣರು ಬಲಪರೀಕ್ಷೆಗಾಗಿ ಎತ್ತುವ ಭಾರಿ ಗುಂಡುಕಲ್ಲೊಂದು ಅಲ್ಲಿದೆ. ಅದನ್ನು ಎತ್ತಬಲ್ಲೆಯಾ ಎಂಬ ತಮಾಷೆಯ ಮಾತು ಈ ಇಬ್ಬರ ನಡುವೆ ಬಂದಿರುತ್ತದೆ. ಒಂದು ದಿನ ಯಾರೂ ಇಲ್ಲವೆಂದು ತಿಳಿದು ಅವನು ಕಲ್ಲಿನ ಬಳಿಗೆ ಬರುತ್ತಾನೆ. ಬಗ್ಗಿ ಹಿಡಿಯುತ್ತಾನೆ. ಕಲ್ಲು ಮಿಸುಕುತ್ತದೆ, ನೆಲವನ್ನು ಬಿಡುತ್ತದೆ, ಮಂಡಿಗೆ ಬರುತ್ತದೆ, ಎದೆಗೆ ಏರುತ್ತದೆ. ಕತ್ತಿನ ನರ, ಕಚ್ಚಿದ ಹಲ್ಲು, ಊರಿದ ಪಾದ ಎಲ್ಲದರಲ್ಲಿಯೂ ಮುದುಕನ ಪ್ರಯಾಸವಿದೆ. ಮುಖದಲ್ಲಿ ಮಾತ್ರ ಒಬ್ಬ ಹುಡುಗನ ಹಿಗ್ಗು ಅರಳುತ್ತದೆ. ಆಮೇಲೆ ಅವನಿಗೆ ತಿಳಿಯುತ್ತದೆ: ಅವಳು ಅಲ್ಲಿಯೇ ನಿಂತು ನೋಡುತ್ತಿದ್ದಾಳೆ.